ಕೈ ಜೋಮು ಹಿಡಿಯುತ್ತಿದೆಯಾ? ಪಟ್ಟಿ ಕೊಳ್ಳುವ ಮೊದಲು ಯಾವ ಬೆರಳು ಅಂತ ನೋಡಿ

ಬೆರಳಲ್ಲಿ ಸೂಜಿ ಚುಚ್ಚಿದ ಹಾಗೆ, ಮೊಣಕೈಯಿಂದ ಕರೆಂಟ್ ಹೊಡೆದ ಹಾಗೆ, ರಾತ್ರಿ 3 ಗಂಟೆಗೆ ಎದ್ದು ಕೈ ಒದರುವುದು. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ಗೆಳೆಯರು ಇದನ್ನು ಹೇಳಿಕೊಂಡು ಬರುತ್ತಲೇ ಇರುತ್ತಾರೆ, ಎಲ್ಲರೂ ಒಂದೇ ಜಾಗದಲ್ಲಿ ಎಡವಿರುತ್ತಾರೆ. ಮೊದಲು ಮೆಡಿಕಲ್ ಶಾಪಿನಿಂದ ಮಣಿಕಟ್ಟಿಗೆ ಕಟ್ಟುವ ಒಂದು ಪಟ್ಟಿ ತರುತ್ತಾರೆ. ಅದನ್ನು ಬಿಗಿಯಾಗಿ ಕಟ್ಟಿಕೊಂಡು ಹಗಲೆಲ್ಲ ಟೈಪ್ ಮಾಡುತ್ತಾರೆ. ನಾಲ್ಕು ದಿನ ಬಿಟ್ಟು ಹೊಸ ಮೌಸ್. ಆಮೇಲೆ ಎಣ್ಣೆ, ಮಾಲೀಶು, ವಿಡಿಯೋ ನೋಡಿ ಮಾಡುವ ವ್ಯಾಯಾಮ, ಎಲ್ಲವೂ ಒಟ್ಟಿಗೆ. ಹದಿನೈದು ದಿನಕ್ಕೆ "ಏನ್ ಮಾಡಿದ್ರೂ ಹೋಗ್ತಿಲ್ಲ" ಅಂತ ಕೈ ಚೆಲ್ಲಿ ಕೂರುತ್ತಾರೆ.

ನಾನೂ ಹೀಗೇ 3 ತಿಂಗಳು ಹಾಳು ಮಾಡಿಕೊಂಡವನು. ದಿನಕ್ಕೆ 9-10 ಗಂಟೆ ಕನ್ನಡ ಟೈಪಿಂಗು ನನ್ನ ಕೆಲಸ. ಎಡಗೈ ಕಿರುಬೆರಳು ಮರಗಟ್ಟುತ್ತಿತ್ತು, ನಾನು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದೆ. ಅಸಲಿಗೆ ನರ ಒತ್ತುತ್ತಿದ್ದದ್ದು ಮೊಣಕೈಯಲ್ಲಿ, ಕುರ್ಚಿಯ ಮರದ ಕೈ ಮೇಲೆ.

ಆದ್ದರಿಂದ ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಮಾಡಿ. ಮೊದಲ ಎರಡನ್ನು ಹಾರಿಸಿ ಮೇಜು ಕುರ್ಚಿಗೆ ದುಡ್ಡು ಸುರಿಯಬೇಡಿ.

## ಮೊದಲು: ಇವು ಇದ್ದರೆ ಮುಂದೆ ಓದಬೇಡಿ

ಕೈ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು ಇದ್ದರೆ ಅದು ನರದ ಮಾತೇ ಅಲ್ಲದಿರಬಹುದು. ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸ್ವಾಧೀನ ತಪ್ಪಿದರೆ ಕೂಡ ಅಷ್ಟೇ. ಎರಡಕ್ಕೂ 108ಕ್ಕೆ ಫೋನ್ ಮಾಡಿ.

ಎರಡೂ ಕೈಯಲ್ಲಿ ಹಿಡಿತ ತಪ್ಪಿ ಅಂಗಿ ಗುಂಡಿ ಹಾಕಲು ಆಗುತ್ತಿಲ್ಲ, ನಡೆಯುವಾಗ ತೂರಾಡಿದ ಹಾಗಾಗುತ್ತದೆ, ಮೂತ್ರದ ಹಿಡಿತ ಹೋಗಿದೆ ಅಂದರೆ ಕುತ್ತಿಗೆಯಲ್ಲಿ ಬೆನ್ನುಹುರಿಯೇ ಒತ್ತುತ್ತಿರಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಅಥವಾ ಅಪಘಾತ ಆದ ಮೇಲೆ ಶುರುವಾದ ನೋವು, ಜ್ವರದ ಜೊತೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಾ ಬಂದ ನೋವು, ಇವನ್ನೂ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಇನ್ನೊಂದಿದೆ, ಇದನ್ನು ಎಲ್ಲರೂ ಕಡೆಗಣಿಸುತ್ತಾರೆ. ಎರಡೂ ಅಂಗೈಯನ್ನು ಪಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡದ ಉಬ್ಬಿದ ಭಾಗ ನೋಡಿ. ಒಂದು ಕಡೆ ತಗ್ಗಾಗಿದ್ದರೆ, ಅಥವಾ ಕಾಫಿ ಲೋಟ ಕೈಯಿಂದ ಜಾರುತ್ತಿದ್ದರೆ, ಮಾಂಸಖಂಡ ಸೊರಗಲು ಶುರುವಾಗಿದೆ ಅಂತ. ಅದು ಜಾಸ್ತಿ ಸೊರಗಿದ ಮೇಲೆ ಪೂರ್ತಿ ವಾಪಸ್ ಬರುವುದಿಲ್ಲ. ಈ ವಾರವೇ ಡಾಕ್ಟರ್.

## ಬೇಕಾಗುವ ಸಾಮಾನು

ಒಂದು ಹಾಳೆ, ಒಂದು ಪೆನ್ನು, ಎರಡು ಸ್ನಾನದ ಟವೆಲ್, ಕೂರಲು ಒಂದು ದಪ್ಪ ದಿಂಬು, ಕಾಲಿಗೆ ಒಂದು ಮಣೆ. ಲ್ಯಾಪ್‌ಟಾಪ್ ಆದರೆ ಬೇರೆ ಕೀಬೋರ್ಡ್ ಮತ್ತು ಮೌಸ್, ಇದಕ್ಕೆ ಪರ್ಯಾಯ ಇಲ್ಲ. ಮಣಿಕಟ್ಟಿನ ಪಟ್ಟಿ ಬೇಕಾದೀತು, ಆದರೆ 1ನೇ ಹಂತ ಮುಗಿದ ಮೇಲೆ ಮಾತ್ರ ಕೊಳ್ಳಿ.

## ಹಂತ 1: ಯಾವ ನರ ಅಂತ ಪತ್ತೆ ಮಾಡಿ

5 ದಿನ ಹಾಳೆಯಲ್ಲಿ ಬರೆಯಿರಿ. ಎಷ್ಟು ಗಂಟೆಗೆ ಜೋಮು ಬಂತು, ಯಾವ ಬೆರಳು, ಆಗ ಏನು ಮಾಡುತ್ತಿದ್ದಿರಿ. "ಇಡೀ ಕೈ" ಅಂತ ಬರೆಯಬೇಡಿ. ಎಲ್ಲರಿಗೂ ಮೊದಲು ಹಾಗೇ ಅನಿಸುತ್ತದೆ. ಜೋಮು ಇರುವಾಗಲೇ ಒಂದೊಂದೇ ಬೆರಳಿನ ತುದಿ ಮುಟ್ಟಿ ನೋಡಿದರೆ ಲೆಕ್ಕ ಸಿಗುತ್ತದೆ.

ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಜೊತೆಗೆ ಉಂಗುರ ಬೆರಳಿನ ಅರ್ಧ: ಇದು ಮೀಡಿಯನ್ ನರದ ಜಾಗ, ಒತ್ತುವುದು ಸಾಮಾನ್ಯವಾಗಿ ಮಣಿಕಟ್ಟಿನಲ್ಲಿ. ಅಲ್ಲೊಂದು ಕಿರಿದಾದ ಸುರಂಗ ಇದೆ. ತಳಕ್ಕೆ ಮೂಳೆ, ಮೇಲೆ ಗಟ್ಟಿ ಪಟ್ಟಿಯಂಥ ಅಸ್ಥಿರಜ್ಜು, ಒಳಗೆ ಬೆರಳು ಮಡಿಸುವ 9 ಸ್ನಾಯುರಜ್ಜುಗಳು, ಅವುಗಳ ಮಧ್ಯೆ ಈ ಒಂದು ನರ. ಬೆಳಗಿನ ಬಿಎಂಟಿಸಿ ಬಸ್ಸಿನ ಹಾಗೆ. ಸ್ವಲ್ಪ ಊದಿಕೊಂಡರೂ ಮೊದಲು ನಲುಗುವುದು ನರವೇ. ಕಾರ್ಪಲ್ ಟನಲ್ ಅನ್ನುವುದು ಇದಕ್ಕೆ. ಉಂಗುರ ಬೆರಳನ್ನು ಎರಡೂ ಬದಿಯಲ್ಲಿ ಮುಟ್ಟಿ ನೋಡಿ. ಹೆಬ್ಬೆರಳ ಕಡೆಯ ಬದಿ ಮಂದ, ಕಿರುಬೆರಳ ಕಡೆಯ ಬದಿ ಸರಿ ಅಂತಾದರೆ ಗುಮಾನಿ ಗಟ್ಟಿ. ರಾತ್ರಿ ಎದ್ದು ಕೈ ಒದರಿದರೆ ಆರಾಮ ಅನಿಸುವುದೂ ಇದರದ್ದೇ ಗುರುತು.

ಕಿರುಬೆರಳು ಮತ್ತು ಉಂಗುರ ಬೆರಳಿನ ಇನ್ನರ್ಧ: ಇದು ಅಲ್ನರ್ ನರ. ಮೊಣಕೈ ಬಾಗಿಲಿಗೆ ತಾಗಿದಾಗ ಜುಮ್ ಅನ್ನುತ್ತದಲ್ಲ, ಅದೇ. ಮೊಣಕೈ ಒಳಬದಿಯ ಮೂಳೆಯ ಹಿಂದೆ ಚರ್ಮದ ಕೆಳಗೇ ಹಾದುಹೋಗುತ್ತದೆ. ಮೇಜಿನ ಅಂಚು, ಕುರ್ಚಿಯ ಕೈ, ಕಿವಿಗೆ ಹಿಡಿದ ಫೋನು, ಇವು ಇದರ ಶತ್ರುಗಳು.

ಕುತ್ತಿಗೆ ಅಥವಾ ಹೆಗಲ ಹಿಂಬದಿಯಿಂದ ಶುರುವಾಗಿ ತೋಳಿನುದ್ದಕ್ಕೆ ಇಳಿಯುವ ನೋವು: ನರ ಒತ್ತುತ್ತಿರುವುದು ಕುತ್ತಿಗೆಯಲ್ಲಿ ಇರಬಹುದು. ನೋಯುವ ಕೈಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಹಾಯ್ ಅನಿಸುತ್ತದೆಯಾ? ಹಾಗಿದ್ದರೆ ಅನುಮಾನ ಇನ್ನೂ ಜಾಸ್ತಿ.

ಇನ್ನು ಎರಡು ಸಣ್ಣ ಪರೀಕ್ಷೆ. ಎರಡೂ ಕೈಗಳ ಹಿಂಬದಿ ತಾಗಿಸಿ, ಬೆರಳು ನೆಲದ ಕಡೆ ಮಾಡಿ, ಹೆಚ್ಚೆಂದರೆ 60 ಸೆಕೆಂಡ್ ಹಿಡಿಯಿರಿ. ಮೊದಲ ಮೂರು ಬೆರಳಲ್ಲಿ ಜೋಮು ಬಂದರೆ ಮಣಿಕಟ್ಟು. ಆಮೇಲೆ ಮೊಣಕೈ ಪೂರ್ತಿ ಮಡಿಸಿ, ಮಣಿಕಟ್ಟು ನೇರ ಇಟ್ಟು, 1 ನಿಮಿಷ ನೋಡಿ. ಕಿರುಬೆರಳು ಜುಮ್ ಅಂದರೆ ಮೊಣಕೈ. ಜೋಮು ಶುರುವಾದ ಕೂಡಲೇ ಕೈ ಬಿಡಿ, ಸಹಿಸಿಕೊಂಡು ಕೂರುವ ಪಂದ್ಯ ಅಲ್ಲ ಇದು.

ಇದು ರೋಗನಿರ್ಣಯ ಆಗುವುದಿಲ್ಲ, ಎಲ್ಲಿಂದ ಶುರು ಮಾಡಬೇಕು ಅನ್ನುವ ಸುಳಿವು ಅಷ್ಟೇ. ಎರಡು ಕಡೆ ಒಟ್ಟಿಗೆ ಒತ್ತಡ ಇರುವವರೂ ಉಂಟು. ಮತ್ತೆ, ಎರಡೂ ಪಾದಗಳಲ್ಲೂ ಜೋಮು ಇದ್ದರೆ ಕಂಪ್ಯೂಟರನ್ನು ಬೈಯಬೇಡಿ. ನೇರ 7ನೇ ಹಂತಕ್ಕೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

## ಹಂತ 2: ಮೇಜಿಗಿಂತ ಮೊದಲು ರಾತ್ರಿ ಸರಿ ಮಾಡಿ

ನೋವು ಹಗಲು ಕೆಲಸದಿಂದ ಬಂತು ಅಂತ ಎಲ್ಲರೂ ಮೇಜಿಗೆ ಕೈ ಹಾಕುತ್ತಾರೆ. ಆದರೆ ನಿದ್ದೆಯಲ್ಲಿ ಮಣಿಕಟ್ಟು ಮಡಿಸಿಕೊಂಡು, ಕೈಯನ್ನು ಕೆನ್ನೆಯಡಿ ಇಟ್ಟುಕೊಂಡು 6-7 ಗಂಟೆ ಮಲಗುತ್ತೀರಲ್ಲ, ಆಗ ನರಕ್ಕೆ ಬಿಡುವೇ ಇಲ್ಲ. ರಾತ್ರಿ ಸರಿಯಾದರೆ ಹಗಲಿನ ಅರ್ಧ ಕೆಲಸ ಆದ ಹಾಗೆ.

ಮಣಿಕಟ್ಟಿನ ತೊಂದರೆಗೆ ಒಳಗೆ ಲೋಹದ ಪಟ್ಟಿ ಇರುವ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಅಲುಗದಂತೆ ಹಿಡಿಯುವ ಕಟ್ಟು, ಕೊಳ್ಳಿ. ಬರೀ ಎಲಾಸ್ಟಿಕ್ ಸುತ್ತುವುದು ಬೇಡ, ಅದು ಕೈಯನ್ನು ನೇರ ಇಡುವುದಿಲ್ಲ, ಸುಮ್ನೆ ಹಿಸುಕುತ್ತದೆ. ತಂದ ಮೇಲೆ ಒಂದು ಕೆಲಸ ಇದೆ. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಪ್ಲಿಂಟ್‌ಗಳ ಪಟ್ಟಿ ಹಿಂದಕ್ಕೆ ಬಾಗಿರುತ್ತದೆ, ಹಾಕಿಕೊಂಡರೆ ಅಂಗೈ ಮೇಲೆದ್ದು ನಿಲ್ಲುತ್ತದೆ. ಆ ಪಟ್ಟಿಯನ್ನು ಚೀಲದಿಂದ ಹೊರಗೆಳೆದು, ಮೇಜಿನ ಮೇಲಿಟ್ಟು ಒತ್ತಿ ನೇರ ಮಾಡಿ ವಾಪಸ್ ತೂರಿಸಿ. ಮಣಿಕಟ್ಟು ಮೇಲಕ್ಕೂ ಬಾಗಬಾರದು, ಕೆಳಕ್ಕೂ ಬಾಗಬಾರದು. ಬೆರಳುಗಳು ಪೂರ್ತಿ ಮಡಚಲು ಬರಬೇಕು, ಪಟ್ಟಿಯಡಿ ಒಂದು ಬೆರಳು ಸಲೀಸಾಗಿ ಹೋಗಬೇಕು.

ಮೊಣಕೈ ತೊಂದರೆಗೆ ಸ್ನಾನದ ಟವೆಲ್ಲನ್ನು ಮೊಣಕೈ ಸುತ್ತ ಸುತ್ತಿ, ಬಟ್ಟೆ ಪಟ್ಟಿಯಿಂದ ಸಡಿಲವಾಗಿ ಕಟ್ಟಿ ಮಲಗಿ. ಕೈ ಪೂರ್ತಿ ಮಡಚದ ಹಾಗೆ ತಡೆದರೆ ಸಾಕು. ಮನೆಯವರು ನಗುತ್ತಾರೆ, ನಗಲಿ.

ಕುತ್ತಿಗೆಯವರು ಬೋರಲು ಮಲಗುವುದನ್ನು ಬಿಡಿ. ಎರಡು ದಿಂಬು ಪೇರಿಸುವವರು ಒಂದಕ್ಕೆ ಇಳಿಯಿರಿ, ಮಗ್ಗುಲಾದಾಗ ಮೂಗು ಎದೆಯ ನೇರಕ್ಕೆ ಇರುವಷ್ಟು ಎತ್ತರ ಸಾಕು.

ಸಾಮಾನ್ಯ ತಪ್ಪು: ನಾಲ್ಕು ರಾತ್ರಿ ಹಾಕಿ ತೆಗೆದಿಡುವುದು. ಕನಿಷ್ಠ 6 ವಾರ ಬೇಕು. ಇನ್ನೊಂದು ತಪ್ಪು, ಹಗಲು ಟೈಪ್ ಮಾಡುವಾಗಲೂ ಸ್ಪ್ಲಿಂಟ್ ಹಾಕುವುದು. ಮಣಿಕಟ್ಟು ಅಲುಗದ ಕಾರಣ ಹೆಗಲು, ಮೊಣಕೈ ಎಲ್ಲ ಸೊಟ್ಟಗಾಗಿ ಹೊಸ ನೋವು ಹುಟ್ಟುತ್ತದೆ.

## ಹಂತ 3: ಮೇಜು, ಕುರ್ಚಿ, ಇದೇ ಕ್ರಮದಲ್ಲಿ

ಕ್ರಮ ಇದು: ಕುರ್ಚಿ, ಕಾಲು, ಕೀಬೋರ್ಡ್, ಮೌಸ್, ಕೊನೆಗೆ ಪರದೆ. ಪರದೆಯಿಂದ ಶುರು ಮಾಡಿದರೆ ಕುರ್ಚಿ ಎತ್ತರಿಸಿದ ಕೂಡಲೇ ಎಲ್ಲ ಮತ್ತೆ ಮಾಡಬೇಕು.

ಮನೆಯಿಂದ ಕೆಲಸ ಮಾಡುವವರ ಗೋಳು ಡೈನಿಂಗ್ ಟೇಬಲ್ಲಿನದು. ಅದರ ಎತ್ತರ ಸುಮಾರು 30 ಇಂಚು, ಪ್ಲಾಸ್ಟಿಕ್ ಕುರ್ಚಿಯ ಆಸನ ಸುಮಾರು 17 ಇಂಚು. ಕೂತಾಗ ಮೊಣಕೈ ಆಸನಕ್ಕಿಂತ 9 ಇಂಚಿನಷ್ಟೇ ಮೇಲಿರುತ್ತದೆ. ಅಂದರೆ ಟೇಬಲ್ಲು 3-4 ಇಂಚು ಜಾಸ್ತಿ ಎತ್ತರ. ಆ ಅಂತರವನ್ನು ನಿಮ್ಮ ಹೆಗಲು ಮೇಲೆದ್ದು ತುಂಬಿಸುತ್ತದೆ, ದಿನಕ್ಕೆ 9 ಗಂಟೆ. ದಪ್ಪ ದಿಂಬು ಅಥವಾ ಮಡಿಸಿದ ಜಮಖಾನ ಹಾಕಿ ಕೂತು, ಮೊಣಕೈ ಟೇಬಲ್ ಮಟ್ಟಕ್ಕೆ ಬಂತಾ ನೋಡಿ. ಆಗ ಕಾಲು ನೇತಾಡುತ್ತದೆ. ಅದಕ್ಕೇ ಮಣೆ.

ಕುರ್ಚಿಯ ಕೈ ಗಟ್ಟಿ ಇದ್ದರೆ ಟವೆಲ್ ಸುತ್ತಿ. ಗಾಜಿನ ಟೇಬಲ್ಲಿನ ಅಂಚೂ ಹಾಗೆಯೇ, ಮಣಿಕಟ್ಟಿಗೆ ಗೆರೆ ಬೀಳುವಷ್ಟು ಒತ್ತುತ್ತದೆ.

ಕೀಬೋರ್ಡಿನ ಹಿಂದಿನ ಎರಡು ಪುಟ್ಟ ಕಾಲುಗಳನ್ನು ಮಡಿಸಿಬಿಡಿ. ಅವು ಕೀಬೋರ್ಡನ್ನು ಎತ್ತರಿಸಿ ಮಣಿಕಟ್ಟನ್ನು ಹಿಂದಕ್ಕೆ ಬಾಗಿಸುತ್ತವೆ. ಮುಂದೆ ಇಡುವ ಮೆತ್ತನೆಯ ಜೆಲ್ ದಿಂಬು ಟೈಪ್ ಮಾಡುವಾಗ ಒರಗಲು ಅಲ್ಲ, ನಡುವೆ ಕೈ ಸುಮ್ಮನಿಡಲು. ಒರಗಿಕೊಂಡೇ ಟೈಪ್ ಮಾಡಿದರೆ ಸುರಂಗದ ಮೇಲೆಯೇ ಭಾರ ಹಾಕಿದ ಹಾಗೆ.

ಮೌಸ್ ಕೀಬೋರ್ಡಿಗೆ ಅಂಟಿಕೊಂಡಂತಿರಲಿ. ಬಲಗಡೆ ಅಂಕಿಗಳ ಗುಂಪು ಇರುವ ಕೀಬೋರ್ಡಿನಲ್ಲಿ ಮೌಸ್ ಒಂದು ಗೇಣು ದೂರ ಹೋಗುತ್ತದೆ, ತೋಳು ಹೊರಗೆ ಚಾಚಿಕೊಂಡೇ ಇರುತ್ತದೆ. ಅಂಕಿ ಬೇಡದ ಕೆಲಸವಾದರೆ ಚಿಕ್ಕ ಕೀಬೋರ್ಡ್ ತೆಗೆದುಕೊಳ್ಳಿ. ಪ್ರಯಾಣಕ್ಕೆ ಅಂತ ಮಾರುವ ಪುಟಾಣಿ ಮೌಸ್ ಬೇಡವೇ ಬೇಡ, ಬೆರಳು ಮುದುಡಿಕೊಂಡೇ ಇರಬೇಕಾಗುತ್ತದೆ.

ಪರದೆ ಒಂದು ತೋಳಿನಷ್ಟು ದೂರ, ಮೇಲಿನ ಅಂಚು ಕಣ್ಣಿನ ಮಟ್ಟಕ್ಕೆ. ಲ್ಯಾಪ್‌ಟಾಪ್ ಕೆಳಗೆ ಹಳೇ ವಿಶೇಷಾಂಕಗಳನ್ನು ಪೇರಿಸಿ, ಬೇರೆ ಕೀಬೋರ್ಡ್ ಜೋಡಿಸಿ. ಎರಡು ಪವರ್ ಇರುವ ಕನ್ನಡಕ ಹಾಕುವವರಿಗೆ ಮಾತ್ರ ಲೆಕ್ಕ ಬೇರೆ: ಕೆಳಗಿನ ಗಾಜಿನಿಂದ ನೋಡಲು ಗದ್ದ ಎತ್ತುತ್ತೀರಿ, ಕುತ್ತಿಗೆ ಹಿಂದಕ್ಕೆ ಬಾಗುತ್ತದೆ. ನೀವು ಪರದೆಯನ್ನು ಇನ್ನೂ ಕೆಳಗಿಳಿಸಬೇಕು.

## ಹಂತ 4: ಕೆಲಸ ಮಾಡುವ ರೀತಿ ಬದಲಿಸಿ

25-30 ನಿಮಿಷಕ್ಕೊಮ್ಮೆ 1-2 ನಿಮಿಷ ಕೀಬೋರ್ಡ್ ಬಿಡಿ. ಕೈ ಕೆಳಗೆ ಇಳಿಬಿಟ್ಟು ಎದ್ದು ನಾಲ್ಕು ಹೆಜ್ಜೆ ಹಾಕಿ. ಆ ಬಿಡುವಿನಲ್ಲಿ ಫೋನ್ ತೆಗೆದು ವಾಟ್ಸಾಪ್ ಒತ್ತಿದರೆ ಅದು ಬಿಡುವಲ್ಲ, ಅದೇ ಬೆರಳಿಗೆ ಓವರ್‌ಟೈಮ್. 3 ಗಂಟೆ ಎಡೆಬಿಡದೆ ಕೂತು ಆಮೇಲೆ ಅರ್ಧ ಗಂಟೆ ವಿಶ್ರಾಂತಿ ಅನ್ನುವ ಲೆಕ್ಕ ನರಕ್ಕೆ ಒಗ್ಗುವುದಿಲ್ಲ.

ನಮ್ಮಂಥ ಕನ್ನಡ ಟೈಪಿಂಗಿನವರಿಗೆ ಒಂದು ವಿಶೇಷ ತಾಪತ್ರಯ ಇದೆ. ನುಡಿ ತಂತ್ರಾಂಶದ ಕೀಲಿ ವಿನ್ಯಾಸದಲ್ಲಿ ದೀರ್ಘಕ್ಕೂ ಶಿಫ್ಟ್, ಮಹಾಪ್ರಾಣಕ್ಕೂ ಶಿಫ್ಟ್, ಣ ಳಗಳಿಗೂ ಶಿಫ್ಟ್. "ಧಾರಣೆ" ಅಂತ ಬರೆಯಲು ಮೂರು ಸಲ ಒತ್ತಬೇಕು. ಒತ್ತಿ ಹಿಡಿಯುವುದು ಯಾವಾಗಲೂ ಅದೇ ಕಿರುಬೆರಳು, ಕೈ ಹೊರಕ್ಕೆ ತಿರುಚಿಕೊಂಡು. ವಿಂಡೋಸ್‌ನಲ್ಲಿ ಶಿಫ್ಟ್ ಕೀಲಿಯನ್ನು 5 ಸಲ ಒತ್ತಿದರೆ ಸ್ಟಿಕಿ ಕೀಸ್ ಬೇಕಾ ಅಂತ ಕೇಳುತ್ತದೆ. ನಾವೆಲ್ಲ ಸಿಟ್ಟಿನಿಂದ ಬೇಡ ಅನ್ನುತ್ತೇವೆ. ಹೌದು ಅನ್ನಿ. ಆಮೇಲೆ ಶಿಫ್ಟ್ ಒತ್ತಿ ಬಿಟ್ಟು, ನಂತರ ಅಕ್ಷರ ಒತ್ತಿದರೂ ಸಾಕು. ಮೊದಲ ಎರಡು ದಿನ ತಪ್ಪುಗಳು ಸುರಿಯುತ್ತವೆ, ಮೂರನೇ ದಿನ ಕೈ ಒಗ್ಗುತ್ತದೆ.

ಕರಡು ಬರೆಯುವಾಗ ಬಾಯಲ್ಲಿ ಹೇಳಿ. ಗೂಗಲ್ ಡಾಕ್ಸ್‌ನಲ್ಲೂ ಫೋನಿನ ಜಿಬೋರ್ಡ್‌ನಲ್ಲೂ ಕನ್ನಡ ಧ್ವನಿ ಟೈಪಿಂಗ್ ಇದೆ. ತಪ್ಪು ತಿದ್ದಬೇಕಾಗುತ್ತದೆ, ನಿಜ. ಆದರೂ ಸಾವಿರ ಪದ ಒತ್ತುವುದಕ್ಕಿಂತ ನೂರು ಪದ ತಿದ್ದುವುದು ವಾಸಿ.

## ಹಂತ 5: ನರ ಜಾರಿಸುವ ವ್ಯಾಯಾಮ, ಎಳೆಯುವುದಲ್ಲ

ಇದನ್ನು ರಾತ್ರಿಯ ಸ್ಪ್ಲಿಂಟ್ ಶುರು ಮಾಡಿ ಒಂದು ವಾರ ಆದ ಮೇಲೆ ಹಿಡಿಯಿರಿ. ತೊಡೆಯ ಮಾಂಸಖಂಡ ಎಳೆದು ಹಿಡಿದಂತೆ ನರವನ್ನು ಎಳೆದು ಹಿಡಿಯಬಾರದು, ಅದು ಸಿಟ್ಟಾಗುತ್ತದೆ.

ಮಣಿಕಟ್ಟಿಗೆ: ಮುಷ್ಟಿ ಹಿಡಿಯಿರಿ. ಬೆರಳು ನೇರ ಮಾಡಿ. ಮಣಿಕಟ್ಟನ್ನು ನಿಧಾನ ಹಿಂದಕ್ಕೆ ಬಾಗಿಸಿ. ಹೆಬ್ಬೆರಳು ಹೊರಕ್ಕೆ ಚಾಚಿ. ಅಂಗೈ ಮೇಲ್ಮುಖ ಮಾಡಿ. ಒಂದೊಂದು ಭಂಗಿಯಲ್ಲಿ 3-4 ಸೆಕೆಂಡ್, 5 ಸುತ್ತು, ದಿನಕ್ಕೆ 2-3 ಸಲ.

ಮೊಣಕೈಗೆ: ತೋಳನ್ನು ಮುಂದಕ್ಕೆ ನೇರ ಚಾಚಿ. ಮಣಿಕಟ್ಟು, ಬೆರಳು ನಿಮ್ಮ ಕಡೆ ಸುರುಳಿ ಮಾಡಿ, ಆಮೇಲೆ ಆಚೆ ಬಿಚ್ಚಿ, ಆಮೇಲೆ ಮೊಣಕೈ ಮೆಲ್ಲಗೆ ಮಡಿಸಿ. 5 ಸಲ.

ಕುತ್ತಿಗೆಗೆ: ತಲೆ ಬಗ್ಗಿಸದೆ ಗದ್ದವನ್ನು ನೇರ ಹಿಂದಕ್ಕೆ ಸರಿಸಿ, 5 ಸೆಕೆಂಡ್, ಬಿಡಿ. ಹೆಗಲು ಹಿಂದಕ್ಕೆ ಉರುಳಿಸಿ.

ಎಚ್ಚರಿಕೆಯ ಗುರುತು ಒಂದೇ. ಮುಗಿಸಿ 5 ನಿಮಿಷ ಆದರೂ ಜೋಮು ಇಳಿಯದಿದ್ದರೆ ಜಾಸ್ತಿಯಾಯಿತು ಅಂತ. ಮರುದಿನ ಅರ್ಧಕ್ಕಿಳಿಸಿ.

ಕಟಿಂಗ್ ಶಾಪಿನಲ್ಲಿ ತಲೆ ಹಿಡಿದು ಲಟಕ್ ಅನಿಸುತ್ತಾರಲ್ಲ, ಅದಕ್ಕೆ ದಯವಿಟ್ಟು ಕುತ್ತಿಗೆ ಕೊಡಬೇಡಿ. ಹಾಗೆ ತಿರುಚುವಾಗ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದು ಪಾರ್ಶ್ವವಾಯು ಆಗುವ ಅಪಾಯ ನಿಜವಾಗಿಯೂ ಇದೆ. ಊದಿದ ಮಣಿಕಟ್ಟಿನ ಮೇಲೆ ಹೆಬ್ಬೆರಳಿಟ್ಟು ಜೋರಾಗಿ ನೀವಿಸಿಕೊಳ್ಳುವುದೂ ಬೇಡ.

## ಹಂತ 6: ಮೇಜು ಬಿಟ್ಟ ಮೇಲಿನ ಕೈಕೆಲಸ

ಮೇಜು ಸರಿಮಾಡಿದರೂ ನೋವು ಹೋಗಲಿಲ್ಲ ಅನ್ನುವವರ ಹಾಳೆ ನೋಡಿದರೆ ಉತ್ತರ ಅಲ್ಲೇ ಇರುತ್ತದೆ. ಸಿಗ್ನಲ್ಲಿಂದ ಸಿಗ್ನಲ್ಲಿಗೆ ಕ್ಲಚ್ ಹಿಡಿದ ಒಂದೂವರೆ ಗಂಟೆ ಬೈಕು. ಜೀನ್ಸ್ ಹಿಂಡುವುದು. ಇಪ್ಪತ್ತು ಚಪಾತಿ ಲಟ್ಟಿಸುವುದು, ಎರಡು ತೆಂಗಿನಕಾಯಿ ತುರಿಯುವುದು. ಮಣಿಕಟ್ಟಿನ ಸುರಂಗಕ್ಕೆ ಟೈಪಿಂಗಿಗಿಂತ ಇಂಥ ಬಿಗಿಹಿಡಿತದ ಕೆಲಸವೇ ಹೆಚ್ಚು ಕಷ್ಟ ಕೊಡಬಹುದು. 6 ವಾರದ ಮಟ್ಟಿಗೆ ಇವನ್ನು ಮನೆಯಲ್ಲಿ ಹಂಚಿಕೊಳ್ಳಿ. ಹೆಂಗಸರ ಕೈನೋವು ವಾಸಿಯಾಗದೇ ಉಳಿಯುವುದಕ್ಕೆ ಈ ಹಂಚಿಕೆ ಆಗದಿರುವುದೂ ಒಂದು ಕಾರಣ, ಅಲ್ವಾ?

ಬೈಕಿನಲ್ಲಿ ಹಿಡಿಯನ್ನು ಹಿಸುಕಬೇಡಿ, ಸಿಗ್ನಲ್ಲಿನಲ್ಲಿ ನ್ಯೂಟ್ರಲ್ ಮಾಡಿ ಕೈ ಬಿಡಿ. ಫೋನಿನಲ್ಲಿ ಉದ್ದ ಮಾತಿಗೆ ಇಯರ್‌ಫೋನ್.

## ಹಂತ 7: ರಕ್ತ ಪರೀಕ್ಷೆ, ಡಾಕ್ಟರು, ಮಾತ್ರೆ

ಮಧುಮೇಹ, ಥೈರಾಯ್ಡ್ ಕೊರತೆ, ಬಿ12 ಕೊರತೆ, ಇವುಗಳಲ್ಲಿ ಯಾವುದೇ ಇದ್ದರೂ ಕೈಯಲ್ಲಿ ಜೋಮು ಬರಬಹುದು. ಡಾಕ್ಟರ ಹತ್ತಿರ ಎಚ್‌ಬಿಎ1ಸಿ (ಸಕ್ಕರೆಯದು), ಟಿಎಸ್‌ಎಚ್ (ಥೈರಾಯ್ಡಿನದು), ಬಿ12 ಪರೀಕ್ಷೆ ಮಾಡಿಸಬೇಕಾ ಅಂತ ಕೇಳಿ. ಅಪ್ಪಟ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಅನ್ನುವ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಬಿ12 ಮರೆಯಬಾರದು. ಪರೀಕ್ಷೆಗೆ ಮೊದಲೇ ಬಿ12 ಮಾತ್ರೆ ನುಂಗಿದರೆ ವರದಿಯಲ್ಲಿ ಕೊರತೆ ಮುಚ್ಚಿಹೋಗುತ್ತದೆ. ಗರ್ಭಿಣಿಯರಲ್ಲೂ ಕಾರ್ಪಲ್ ಟನಲ್ ಕಾಣಿಸಿಕೊಳ್ಳುತ್ತದೆ, ಹೆರಿಗೆ ಆದ ಮೇಲೆ ಬಹಳ ಜನಕ್ಕೆ ತಾನಾಗಿಯೇ ಇಳಿಯುತ್ತದೆ.

"ನರದ ಶಕ್ತಿಗೆ" ಅಂತ ಅಂಗಡಿಯವರು ಕೊಡುವ ಬಿ ಕಾಂಪ್ಲೆಕ್ಸ್ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಬೇಡಿ. ಅದರಲ್ಲಿರುವ ಬಿ6 ಹೆಚ್ಚಿನ ಪ್ರಮಾಣದಲ್ಲಿ ಬಹಳ ದಿನ ಹೋದರೆ ನರವನ್ನೇ ಕೆಡಿಸುತ್ತದೆ. ಯಾವ ಜೋಮಿಗೆ ಮಾತ್ರೆ ತಿಂದಿರೋ ಅದೇ ಜೋಮು ಮಾತ್ರೆಯಿಂದ. ನೋವಿನ ಮಾತ್ರೆಗಳನ್ನೂ ಹಾಗೆ ಸ್ವಂತ ಬುದ್ಧಿಯಿಂದ ಎಳೆಯಬೇಡಿ, ಹೊಟ್ಟೆ ಮತ್ತು ಕಿಡ್ನಿ ಬೆಲೆ ತೆರುತ್ತವೆ. ನರದ ನೋವಿಗೆ ಗಾಬಾಪೆಂಟಿನ್, ಪ್ರಿಗಾಬಲಿನ್ ಬರೆದುಕೊಟ್ಟರೆ ತೂಕಡಿಕೆ ಬರಬಹುದು. ಒಗ್ಗುವವರೆಗೆ ಗಾಡಿ ಓಡಿಸಬೇಡಿ, ಹೇಳದೆ ಥಟ್ಟನೆ ನಿಲ್ಲಿಸಲೂಬೇಡಿ.

ಡಾಕ್ಟರ ಬಳಿ ಹೋಗುವಾಗ 1ನೇ ಹಂತದ ಹಾಳೆ ಒಯ್ಯಿರಿ. "ಕೈ ನೋವು ಸಾರ್" ಅಂದರೆ ಸಿಗುವ ಉತ್ತರಕ್ಕೂ, "ವಾರದಲ್ಲಿ ನಾಲ್ಕು ರಾತ್ರಿ, ಈ ಮೂರು ಬೆರಳು" ಅಂದರೆ ಸಿಗುವ ಉತ್ತರಕ್ಕೂ ಬಹಳ ವ್ಯತ್ಯಾಸ ಇದೆ.

## ಹಂತ 8: 6 ವಾರ ಆಯಿತು, ಈಗ?

ಸರಿಯಾಗುವುದಕ್ಕೂ ಒಂದು ಕ್ರಮ ಇದೆ. ಸಾಮಾನ್ಯವಾಗಿ ಮೊದಲು ರಾತ್ರಿ ಏಳುವುದು ನಿಲ್ಲುತ್ತದೆ. ಆಮೇಲೆ ಹಗಲಿನ ಜೋಮು ಇಳಿಯುತ್ತದೆ. ಬೆರಳ ತುದಿಯ ಮಂದ ಕೊನೆಗೆ ಹೋಗುತ್ತದೆ, ಅದಕ್ಕೆ ತಿಂಗಳುಗಳೇ ಬೇಕಾಗಬಹುದು. ರಾತ್ರಿ ಸುಧಾರಿಸಿದ್ದರೆ ದಾರಿ ಸರಿ ಇದೆ, ಮುಂದುವರಿಸಿ.

ಏನೂ ಬದಲಾಗಿಲ್ಲ, ಅಥವಾ ಹಿಡಿತ ಕಮ್ಮಿಯಾಗುತ್ತಿದೆ ಅಂದರೆ ಮೂಳೆ ಅಥವಾ ನರರೋಗ ತಜ್ಞರನ್ನು ನೋಡಿ. ಅವರು ನರ್ವ್ ಕಂಡಕ್ಷನ್ ಪರೀಕ್ಷೆ ಬರೆಯಬಹುದು. ಚರ್ಮದ ಮೇಲೆ ಸಣ್ಣ ಸಣ್ಣ ಶಾಕ್ ಕೊಟ್ಟು ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆ ಅಂತ ಅಳೆಯುತ್ತಾರೆ. ಶುರುವಿನ ಹಂತದಲ್ಲಿ ವರದಿ ನಾರ್ಮಲ್ ಬರಬಹುದು, ಹಾಗಂತ ನಿಮ್ಮ ನೋವು ಸುಳ್ಳಾಗುವುದಿಲ್ಲ. ನೀವಾಗಿಯೇ ಹೋಗಿ ಕುತ್ತಿಗೆ ಎಂಆರ್‌ಐ ಮಾಡಿಸಬೇಡಿ. ನೋವೇ ಇಲ್ಲದವರಲ್ಲೂ ಮೂಳೆಗಳ ನಡುವಿನ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, ಸುಮ್ನೆ ಹೆದರುತ್ತೀರಿ.

ಮಣಿಕಟ್ಟಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ಕೆಲವು ವಾರ, ತಿಂಗಳು ಆರಾಮ ಸಿಗಬಹುದು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ, ಕೆಲವು ದಿನ ಸಕ್ಕರೆ ಏರುತ್ತದೆ. ಸ್ನಾಯು ಸೊರಗುತ್ತಿದ್ದರೆ ಆಪರೇಷನ್ ಮುಂದೂಡಬೇಡಿ. ಸುರಂಗದ ಮೇಲಿನ ಆ ಗಟ್ಟಿ ಪಟ್ಟಿಯನ್ನು ಕತ್ತರಿಸಿ ಜಾಗ ಮಾಡುತ್ತಾರೆ, ಸಾಮಾನ್ಯವಾಗಿ ಅವತ್ತೇ ಮನೆಗೆ. ಹಿಡಿತದ ಬಲ ವಾಪಸ್ ಬರಲು ಮಾತ್ರ ವಾರಗಳಿಂದ ತಿಂಗಳುಗಳು ಹಿಡಿಯುತ್ತವೆ, ಆಫೀಸಿಗೆ ಅದಕ್ಕೆ ತಕ್ಕ ಹಾಗೆ ಹೇಳಿಡಿ.

ನನಗೆ ಆ ಮಟ್ಟಕ್ಕೆ ಹೋಗಲಿಲ್ಲ. ಟವೆಲ್ಲು, ಸ್ಟಿಕಿ ಕೀಸು, ಮಣೆ, ಇಷ್ಟರಲ್ಲಿ 5ನೇ ವಾರಕ್ಕೆ ಕಿರುಬೆರಳಿಗೆ ಜೀವ ಬಂತು. ಕುರ್ಚಿಯ ಎಡಗೈಗೆ ನಾಲ್ಕು ಸ್ಕ್ರೂ ಇದ್ದವು. ಬಿಚ್ಚಿ ಅಟ್ಟಕ್ಕೆ ಹಾಕಿದ್ದೇನೆ.